ಏರ್ ರೈಫಲ್: ಕಂಪನಿಯ ನಳಿಗೆಯನ್ನೇ ಉಳಿಸಿಕೊಳ್ಳುವುದೋ, ಹೇಳಿ ಮಾಡಿಸಿದ ನಳಿಗೆ ಹಾಕಿಸುವುದೋ?

ಪ್ರಶ್ನೆ ಕೇಳಿದವರು: ಚನ್ನಗಿರಿ‑ಫೀನಿಕ್ಸ್

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ಕಡೆಯವನಾದ ನಾನು ಒಂಬತ್ತು ವರ್ಷಗಳಿಂದ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಹೊರವಲಯದಲ್ಲಿ ವಾಸವಾಗಿದ್ದೇನೆ. ಇಲ್ಲಿಯ ಕ್ಲಬ್ಬೊಂದರಲ್ಲಿ ಮೇಜಿನ ಮೇಲೆ ರೈಫಲ್ ಇಟ್ಟು ಗುರಿ ಹೊಡೆಯುವ ಬೆಂಚ್‌ರೆಸ್ಟ್ ಪಂದ್ಯಗಳಲ್ಲಿ ಎರಡು ವರ್ಷಗಳಿಂದ ಭಾಗವಹಿಸುತ್ತಿದ್ದೇನೆ. ನನ್ನಲ್ಲಿರುವುದು 5.5 ಮಿ.ಮೀ. ಬೋರಿನ (ನಳಿಗೆಯ ಒಳರಂಧ್ರದ) ಪಿಸಿಪಿ ರೈಫಲ್, ಅಂದರೆ ಸಿಲಿಂಡರಿನಲ್ಲಿ ಮೊದಲೇ ತುಂಬಿಸಿಟ್ಟ ಗಾಳಿಯಿಂದ ಹಾರಿಸುವಂಥದ್ದು. ತಯಾರಕರ ಹೆಸರು ಹೇಳಿದರೆ ಚರ್ಚೆ ಆ ಕಡೆಗೇ ಹೊರಳಿಬಿಡುವುದರಿಂದ ಅದನ್ನು ಬಿಟ್ಟಿದ್ದೇನೆ.

ತೊಂದರೆ ಏನೆಂದರೆ, 18.13 ಗ್ರೇನ್ ತೂಕದ ಪೆಲೆಟ್ಟನ್ನು (ಏರ್ ರೈಫಲಿನ ಸೀಸದ ಸಣ್ಣ ಗುಂಡನ್ನು) ಸೆಕೆಂಡಿಗೆ ಸುಮಾರು 880 ಅಡಿ ವೇಗದಲ್ಲಿ ಹಾರಿಸಿದಾಗ, 50 ಗಜದ ದೂರದಲ್ಲಿ ಹತ್ತಕ್ಕೆ ಎಂಟು ಗುಂಡುಗಳು ಒಂದು ರೂಪಾಯಿ ನಾಣ್ಯದ ಅಳತೆಯೊಳಗೆ ಬೀಳುತ್ತವೆ. ಉಳಿದ ಎರಡು ಹೇಳದೆ ಕೇಳದೆ ಒಂದೂವರೆ ಅಂಗುಲ ಆಚೆಗೆ ಹೋಗುತ್ತವೆ, ಅದೂ ಪ್ರತಿ ಬಾರಿ ಬೇರೆ ಬೇರೆ ದಿಕ್ಕಿಗೆ. 25 ಮೀಟರಿನ ಕಾರ್ಡಿನಲ್ಲಿ 25 ಗುರಿಗಳಿಗೆ ಒಟ್ಟು 250 ಅಂಕಗಳಿದ್ದು, ನನ್ನದು 225ರಿಂದ 232ರ ನಡುವೆ ಬಂದು ನಿಂತುಬಿಟ್ಟಿದೆ. ಕ್ಲಬ್ಬಿನ ಹಿರಿಯರೊಬ್ಬರು ಕಾರ್ಡನ್ನು ನೋಡಿದ ಕೂಡಲೇ «ನಳಿಗೆ ಬದಲಿಸು» ಎಂದರು. ವಿಚಾರಿಸಿದಾಗ, ಕಂಪನಿಯದೇ ಇನ್ನೊಂದು ನಳಿಗೆಗೆ 120 ಡಾಲರ್ ಆಗುತ್ತದೆಂದೂ, ಹೇಳಿ ಮಾಡಿಸಿ ಕೂರಿಸುವುದಕ್ಕೆ 380 ಡಾಲರ್ ಜೊತೆಗೆ ನಾಲ್ಕು ತಿಂಗಳ ಕಾಯುವಿಕೆ ಬೇಕೆಂದೂ ತಿಳಿಯಿತು.

ಹಣ ಹೋದರೂ ಚಿಂತೆಯಿಲ್ಲ, ಆದರೆ ಹಣ ಹಾಕಿದ ಮೇಲೂ ಆ ಎರಡು ಗುಂಡುಗಳು ಹಾಗೆಯೇ ಓಡಿಹೋದರೆ ಏನು ಮಾಡಲಿ? ಮುಂದೆ ಅರಿಜೋನಾದಲ್ಲೇ ನಡೆಯುತ್ತ ಬಂದಿರುವ ಎಕ್ಸ್‌ಟ್ರೀಮ್ ಬೆಂಚ್‌ರೆಸ್ಟ್‌ನ 100 ಗಜದ ಪಂದ್ಯದಲ್ಲಿ ಸ್ಲಗ್ (ಸಣ್ಣ ಸೊಂಟವಿಲ್ಲದ, ಉದ್ದನೆಯ ಗುಂಡು) ಹಾರಿಸುವ ಆಸೆಯೂ ಇದೆ. ಇನ್ನೊಂದು ಮಾತು: ತೆಗೆದ ಹಳೆಯ ನಳಿಗೆಯನ್ನು ಊರಿಗೆ ಬರುವಾಗ ತಂದುಕೊಡಿ ಎಂದು ಶಿವಮೊಗ್ಗದಲ್ಲಿರುವ ನನ್ನ ಭಾವಮೈದುನ ಈಗಾಗಲೇ ಬೇಡಿಕೆ ಇಟ್ಟಿದ್ದಾನೆ. ಅದು ಸರಿಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ 1: ಪೀಣ್ಯ ಟೂಲ್‌ರೂಮ್

ನಾನು ಬಂದೂಕಿನ ನಳಿಗೆ ಮಾಡುವವನಲ್ಲ. ನಮ್ಮಲ್ಲಿ ಅದಕ್ಕೆ ಪರವಾನಗಿ ಬೇಕು. ಆದರೆ ಇಪ್ಪತ್ತೆರಡು ವರ್ಷಗಳಿಂದ ಪೀಣ್ಯದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳಿಗೆ ಆಳವಾದ ರಂಧ್ರ ಕೊರೆದು ಹೋನಿಂಗ್ ಮಾಡುವ, ಅಂದರೆ ಒಳಮೈಯನ್ನು ಉಜ್ಜಿ ನಯಗೊಳಿಸುವ ಕೆಲಸದಲ್ಲಿದ್ದೇನೆ. ಆ ಕೊರೆತಕ್ಕೆ ಇಂದಿಗೂ ಗನ್ ಡ್ರಿಲ್ಲಿಂಗ್ ಎಂದೇ ಹೆಸರು, ಏಕೆಂದರೆ ಆ ವಿದ್ಯೆ ಹುಟ್ಟಿದ್ದೇ ಬಂದೂಕಿನ ನಳಿಗೆಗಾಗಿ. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಗುಂಡುಗಳು ಬಿದ್ದಿರುವ ರೀತಿಯನ್ನೇ ನೋಡಿ. ಬೋರ್ ಕೆಟ್ಟಿದ್ದರೆ, ಅಂದರೆ ಒಂದೆಡೆ ಸಡಿಲವಾಗಿ ಒಂದೆಡೆ ಬಿಗಿಯಾಗಿದ್ದರೆ ಅಥವಾ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು) ಒರಟಾಗಿದ್ದರೆ, ಅದು ಹತ್ತಕ್ಕೆ ಹತ್ತು ಪೆಲೆಟ್ಟಿಗೂ ತೊಂದರೆ ಕೊಡುವುದರಿಂದ ಇಡೀ ಗುಂಪು ಅಗಲವಾಗುತ್ತದೆ. ಎಂಟು ಒಟ್ಟಿಗಿದ್ದು ಎರಡು ಮಾತ್ರ ದಾರಿ ತಪ್ಪುತ್ತಿವೆ ಎಂದರೆ, ಆ ಎರಡು ಪೆಲೆಟ್‌ಗಳಿಗೆ ಬೇರೆಯವಕ್ಕೆ ಆಗದ ಏನೋ ಒಂದು ಆಗುತ್ತಿದೆ ಎಂದು ನಾನು ತಿಳಿಯುತ್ತೇನೆ. ಅದು ಡಬ್ಬದಲ್ಲೇ ಸೊಟ್ಟಗಾದ ಪೆಲೆಟ್ ಇರಬಹುದು, ಮ್ಯಾಗಜೀನಿನಿಂದ ನಳಿಗೆಗೆ ತಳ್ಳುವಾಗ ಅಂಚು ಮುಕ್ಕಾಗುತ್ತಿರಬಹುದು, ಇಲ್ಲವೇ ನಳಿಗೆಯ ತುದಿಯ ಕ್ರೌನ್‌ನಲ್ಲಿ (ಬಾಯಿಯ ಅಂಚಿನಲ್ಲಿ) ಬರ್, ಅಂದರೆ ಲೋಹದ ಸಣ್ಣ ಮುಳ್ಳು ಉಳಿದಿರಬಹುದು. ಪೆಲೆಟ್ ಅಚ್ಚ ಸೀಸದ್ದು, ಹಿಂಭಾಗದ ಸ್ಕರ್ಟ್ ಉಗುರಿನಿಂದ ಒತ್ತಿದರೂ ತಗ್ಗುವಷ್ಟು ತೆಳು. ಅದು ಬಾಯಿಯಿಂದ ಹೊರಬೀಳುವ ಗಳಿಗೆಯಲ್ಲಿ ಸ್ಕರ್ಟಿನ ಒಂದು ಪಕ್ಕದಲ್ಲಿ ಗಾಳಿ ಮೊದಲು ನುಗ್ಗಿದರೆ ಪೆಲೆಟ್ ಓಲಾಡುತ್ತಲೇ ಹೊರಡುತ್ತದೆ.

ಸಿಲಿಂಡರಿನ ಗಾಳಿಯನ್ನು ಪೂರ್ತಿ ಬಿಟ್ಟು, ರೈಫಲ್ ಖಾಲಿ ಇದೆಯೆಂದು ಎರಡು ಬಾರಿ ನೋಡಿಕೊಂಡ ಮೇಲೆ ಮೂರು ಪರೀಕ್ಷೆ ಮಾಡಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ನಳಿಗೆಯ ಬಾಯೊಳಗೆ ಸ್ವಲ್ಪ ತೂರಿಸಿ ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬರ್ ಇದೆ. ಎರಡನೆಯದು, ಬೋಲ್ಟ್‌ನಿಂದ (ಪೆಲೆಟ್ಟನ್ನು ನಳಿಗೆಗೆ ತಳ್ಳುವ ಕಡ್ಡಿಯಿಂದ) ಎಂದಿನಂತೆ ಪೆಲೆಟ್ ಕೂರಿಸಿ, ಬೋಲ್ಟ್ ಹಿಂದೆಳೆದು, ಬಾಯಿಯ ಕಡೆಯಿಂದ ಕ್ಲೀನಿಂಗ್ ರಾಡ್ ಹಾಕಿ ಅದನ್ನು ಮೆತ್ತಗೆ ಹಿಂದಕ್ಕೆ ತಳ್ಳಿ ಹೊರತೆಗೆಯಿರಿ. ಬಹಳಷ್ಟು ಪಿಸಿಪಿಗಳಲ್ಲಿ ಗಾಳಿ ನುಗ್ಗುವ ಟ್ರಾನ್ಸ್‌ಫರ್ ಪೋರ್ಟ್ ನಳಿಗೆಯ ಕೆಳಬದಿಯಲ್ಲಿ ಕೊರೆದ ತೂತಾಗಿರುತ್ತದೆ, ಪೆಲೆಟ್ ಅದರ ಮೇಲೆ ಹಾದೇ ಮುಂದಕ್ಕೆ ಹೋಗಬೇಕು. ಆ ತೂತಿನ ಅಂಚು ಹರಿತವಾಗಿದ್ದರೆ ಸೀಸವನ್ನು ತುರಿಮಣೆಯ ಹಾಗೆ ಕೆರೆಯುತ್ತದೆ, ಗುರುತು ಬರಿಗಣ್ಣಿಗೇ ಕಾಣುತ್ತದೆ. ಮೂರನೆಯದಾಗಿ, ಒಂದು ಪೆಲೆಟ್ಟನ್ನು ಹಿಂದಿನಿಂದ ಬಾಯಿಯವರೆಗೆ ನಿಧಾನವಾಗಿ ತಳ್ಳುತ್ತಾ ಕೈಗೆ ಹೇಗೆ ತಾಗುತ್ತದೆ ಎಂಬುದನ್ನು ಗಮನಿಸಿ. ಉದ್ದಕ್ಕೂ ಒಂದೇ ಬಿಗಿಯಿದ್ದು, ಕೊನೆಯ ಒಂದೆರಡು ಅಂಗುಲದಲ್ಲಿ ಸ್ವಲ್ಪ ಹೆಚ್ಚು ಬಿಗಿಯಾದರೆ ನಿಮ್ಮದು ಚೋಕ್ (ಬಾಯಿಯ ಬಳಿಯ ಆ ಬಿಗಿ) ಇರುವ ಒಳ್ಳೆಯ ನಳಿಗೆ. ನಡುವೆ ಎಲ್ಲೋ ಸಡಿಲಾಗಿ ಮತ್ತೆ ಬಿಗಿಯಾದರೆ ಮಾತ್ರ ನಳಿಗೆಯ ಮೇಲೆ ಅನುಮಾನಪಡಿ.

ಇನ್ನು ಕಂಪನಿಯದು, ಹೇಳಿ ಮಾಡಿಸಿದ್ದು ಎಂಬ ಭೇದ ನೀವು ತಿಳಿದಷ್ಟು ಸ್ಪಷ್ಟವಾದದ್ದಲ್ಲ. ಜರ್ಮನಿಯ ಕೋನಿಗ್ಸ್‌ಬ್ರೋನ್‌ನಲ್ಲಿರುವ ಲೋಥರ್ ವಾಲ್ಥರ್ 1925ರಿಂದ ನಳಿಗೆಯನ್ನೇ ಕಸುಬಾಗಿಸಿಕೊಂಡ ಸಂಸ್ಥೆ. ಬ್ರಿಟನ್ನಿನ ಏರ್ ಆರ್ಮ್ಸ್, ಡೇಸ್ಟೇಟ್‌ನಂಥ ತಯಾರಕರು ಅದರ ನಳಿಗೆಗಳನ್ನು ತಮ್ಮ ರೈಫಲ್‌ಗಳಿಗೆ ಹಾಕಿಯೇ ಮಾರಿದ್ದಾರೆ. ಬಿಡಿಯಾಗಿ ಕೊಂಡು ಹಾಕಿಸುವವರು ಬಯಸುವುದೂ ಹೆಚ್ಚಾಗಿ ಅದನ್ನೇ. ಹಾಗಾದರೆ ಹೆಚ್ಚುವರಿ ಹಣ ಯಾವುದಕ್ಕೆ? ನಳಿಗೆಯ ಉಕ್ಕಿಗಲ್ಲ, ಅದನ್ನು ಲೇತ್ ಮೇಲೆ ಹಿಡಿದು ಕೂರಿಸುವವನ ಸಮಯಕ್ಕೆ. ಕಾರ್ಖಾನೆಯಲ್ಲಿ ಒಂದು ಕ್ರೌನ್‌ಗೆ ಸಿಗುವುದು ಕೆಲವೇ ಕ್ಷಣ. ಒಬ್ಬ ಒಳ್ಳೆಯ ಕುಶಲಕರ್ಮಿಯಾದರೆ ನಳಿಗೆಯ ಹೊರಮೈಯನ್ನು ನಂಬದೆ, ಬೋರಿಗೇ ಡಯಲ್ ಗೇಜ್ ಹಚ್ಚಿ ರನ್‌ಔಟ್ (ತಿರುಗುವಾಗ ನಡುವಿನಿಂದ ಸರಿಯುವ ಓಲಾಟ) ತೆಗೆದು, ಆಮೇಲೆ ಕ್ರೌನ್ ಕತ್ತರಿಸುತ್ತಾನೆ. ಆಳವಾದ ಕೊರೆತದಲ್ಲಿ ಡ್ರಿಲ್ ಸ್ವಲ್ಪವಾದರೂ ಅಡ್ಡಹಾದಿ ಹಿಡಿಯುತ್ತದೆ, ಆದ್ದರಿಂದ ಹೊರಮೈಯ ನಡುವೂ ಬೋರಿನ ನಡುವೂ ಒಂದೇ ಆಗಿರುವುದಿಲ್ಲ ಎಂಬುದು ನಮ್ಮ ಅಂಗಡಿಯ ಹೊಸ ಹುಡುಗನಿಗೂ ಗೊತ್ತು.

ಇಲ್ಲೊಂದು ಎಚ್ಚರಿಕೆ ಇದೆ. ಏರ್ ರೈಫಲ್ ನಳಿಗೆಗಳಲ್ಲಿ ಬಹುಪಾಲು ಬಟನ್ ರೈಫ್ಲಿಂಗ್ ಮಾಡಿದವು: ಕೊರೆದು ರೀಮರ್ ಎಂಬ ಉಪಕರಣದಿಂದ ಅಳತೆಗೆ ತಂದ ರಂಧ್ರದಲ್ಲಿ ಕಾರ್ಬೈಡ್ ಗುಂಡಿಯನ್ನು ಬಲವಾಗಿ ಎಳೆದು ಲೋಹವನ್ನು ಒತ್ತರಿಸಿ ಸುರುಳಿ ಗೀರುಗಳನ್ನು ಮೂಡಿಸುತ್ತಾರೆ. ಒತ್ತರಿಸಿದ ಲೋಹದಲ್ಲಿ ಬಿಗಿತ ಉಳಿದಿರುತ್ತದೆ. ಆ ಬಿಗಿತವನ್ನು ಕಾಯಿಸಿ ಸರಿಯಾಗಿ ಇಳಿಸದೆ, ನಿಮ್ಮ ರೈಫಲಿಗೆ ಹೊಂದಲೆಂದು ಹೊರಮೈಯನ್ನು ಲೇತ್‌ನಲ್ಲಿ ತೆಳ್ಳಗೆ ಮಾಡಿದರೆ, ಒಳಗಿನ ಬೋರ್ ಆ ಜಾಗದಲ್ಲಿ ತುಸು ಅಗಲವಾಗುತ್ತದೆ. ಮೈಕ್ರಾನ್‌ಗಳ ಲೆಕ್ಕವೇ, ಆದರೆ ಪೆಲೆಟ್ಟಿಗೆ ಅಷ್ಟು ಸಾಕು. ಮಾಡಿಕೊಡುವವರನ್ನು ನಾಲ್ಕು ತಿಂಗಳು ಕಾಯುವ ಮೊದಲು ಇದೊಂದನ್ನು ಕೇಳಿ. ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.

ಉತ್ತರ 2: ಲೀಡ್ಸ್ ಕನ್ನಡಿಗ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಳಿಗೆ ಬದಲಿಸಿಕೊಂಡವನ ಮಾತೂ ಒಂದಿರಲಿ. ನಾನು ಇಂಗ್ಲೆಂಡಿನಲ್ಲಿ ಫೀಲ್ಡ್ ಟಾರ್ಗೆಟ್ ಆಡುತ್ತೇನೆ. ಅದರಲ್ಲಿ 8ರಿಂದ 55 ಗಜದೊಳಗೆ ಎಲ್ಲೋ ಇಟ್ಟ ಲೋಹದ ಹಲಗೆಯ ತೂತಿನೊಳಕ್ಕೆ ಗುಂಡು ಹೋಗಬೇಕು, ದೊಡ್ಡ ತೂತೇ 40 ಮಿ.ಮೀ. ನಾಲ್ಕು ವರ್ಷದ ಹಿಂದೆ ಚೆನ್ನಾಗಿಯೇ ಹೊಡೆಯುತ್ತಿದ್ದ ಕಂಪನಿಯ ನಳಿಗೆಯನ್ನು, ಪಕ್ಕದವರ ಅಂಕ ನೋಡಿ ಹೊಟ್ಟೆಯುರಿಯಿಂದ ತೆಗೆಸಿ, ಹೇಳಿ ಮಾಡಿಸಿದ ಪಾಲಿಗನ್ (ಬೋರ್ ಬಹುಭುಜಾಕಾರದ) ನಳಿಗೆ ಹಾಕಿಸಿದೆ. ಮೊದಲ ಇನ್ನೂರು ಗುಂಡು ಹಳೆಯದಕ್ಕಿಂತ ಕೆಟ್ಟದಾಗಿ ಬಿದ್ದವು. ಬೋರಿನಲ್ಲಿ ಸೀಸದ ತೆಳುಪದರ ಕೂರುವವರೆಗೆ ಹೀಗಾಗುವುದುಂಟು. ಆಮೇಲೆ ಸುಧಾರಿಸಿತು, ಆದರೆ ನಾನು ಡಜನ್‌ಗಟ್ಟಲೆ ಡಬ್ಬ ಕೂಡಿಟ್ಟಿದ್ದ 4.52 ಮಿ.ಮೀ. ತಲೆಯಳತೆಯ ಪೆಲೆಟ್ ಅದಕ್ಕೆ ಹಿಡಿಸಲೇ ಇಲ್ಲ, 4.50ಕ್ಕೆ ಇಳಿಯಬೇಕಾಯಿತು. ಕೊನೆಗೆ ಒಟ್ಟು ಲಾಭವೆಷ್ಟು ಎಂದು ಕೇಳಿದರೆ, ಐವತ್ತು ಗುರಿಗಳ ಪಂದ್ಯದಲ್ಲಿ ಒಂದೋ ಎರಡೋ. ಅದು ನಳಿಗೆಯಿಂದ ಬಂತೋ, ಆ ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿದ್ದರಿಂದ ಬಂತೋ ಎಂದು ಎದೆ ತಟ್ಟಿ ಹೇಳಲಾರೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಇಲ್ಲಿ (ಉತ್ತರ ಐರ್ಲೆಂಡ್ ಬಿಟ್ಟು) ಪರವಾನಗಿ ಇಲ್ಲದ ಏರ್ ರೈಫಲಿನ ಶಕ್ತಿ 12 ಅಡಿ‑ಪೌಂಡ್ ಮೀರುವಂತಿಲ್ಲ, ಸ್ಕಾಟ್ಲೆಂಡಿನಲ್ಲಂತೂ ಅದರೊಳಗಿನದಕ್ಕೂ ಪ್ರಮಾಣಪತ್ರ ಬೇಕು. ಪಿಸಿಪಿಯಲ್ಲಿ ನಳಿಗೆ ಉದ್ದವಾದರೆ ಗಾಳಿ ಪೆಲೆಟ್ಟನ್ನು ಇನ್ನಷ್ಟು ಹೊತ್ತು ತಳ್ಳುವುದರಿಂದ ಶಕ್ತಿ ಏರುತ್ತದೆ. ಬೇರೇನೂ ಮುಟ್ಟದೆ ನಳಿಗೆ ಮಾತ್ರ ಬದಲಿಸಿದರೂ ಮಿತಿ ದಾಟಿ ಕಾನೂನಿನ ಕಣ್ಣಿನಲ್ಲಿ ಅದು ಬೇರೆಯೇ ಆಯುಧವಾಗಿಬಿಡಬಹುದು. ನನ್ನದು 11.3ರಿಂದ 11.9ಕ್ಕೆ ಏರಿದ್ದು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಮುಂದೆ ಹಿಡಿದಾಗಲೇ ಗೊತ್ತಾಯಿತು. ಕೂಡಲೇ ಇಳಿಸಿಕೊಂಡೆ.

ಪ್ರಶ್ನೆ ಕೇಳಿದವರಿಗೆ ಇನ್ನೆರಡು ಮಾತು. ನಿಮ್ಮ ನಳಿಗೆಯ ಮುಂಭಾಗ ಪಟ್ಟಿಯೊಂದರಿಂದ ಸಿಲಿಂಡರಿಗೆ ಬಿಗಿದಿದೆಯೇ ನೋಡಿ. 250 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ 120ಕ್ಕೆ ಇಳಿಯುವಾಗ ಕೂದಲೆಳೆಯಷ್ಟು ಆಕಾರ ಬದಲಿಸುತ್ತದೆ. ನಳಿಗೆಯೂ ಅದರ ಜೊತೆ ಬಾಗಿದರೆ ಗುಂಡು ಬೀಳುವ ಜಾಗ ಸರಿಯುತ್ತದೆ. ಎಷ್ಟೋ ಜನ ಇದನ್ನೇ ನಳಿಗೆಯ ದೋಷವೆಂದು ತಿಳಿದಿದ್ದಾರೆ. ಗಾಳಿಯನ್ನೂ ಮರೆಯಬೇಡಿ: ನೀವು ಹೇಳುವ ಪೆಲೆಟ್ಟನ್ನು ಗಂಟೆಗೆ 2 ಮೈಲಿ ವೇಗದ ಅಡ್ಡಗಾಳಿ 50 ಗಜದಲ್ಲಿ ಸುಮಾರು ಅರ್ಧ ಅಂಗುಲ ಪಕ್ಕಕ್ಕೆ ಒಯ್ಯುತ್ತದೆ, ಅಷ್ಟು ಗಾಳಿ ಕೆನ್ನೆಗೆ ತಾಗಿದ್ದೂ ತಿಳಿಯುವುದಿಲ್ಲ. ಐದು ಗುಂಡಿನ ಒಂದು ಗುಂಪು ನೋಡಿ ನಳಿಗೆಗೆ ತೀರ್ಪು ಕೊಡಬೇಡಿ, ಮೂವತ್ತಾದರೂ ಹೊಡೆಯಿರಿ.

ಉತ್ತರ 3: ಹತ್ತು ಮೀಟರ್, ಬೆಂಗಳೂರು

ನಾನು ಮಕ್ಕಳಿಗೆ 10 ಮೀಟರ್ ಏರ್ ರೈಫಲ್ ಹೇಳಿಕೊಡುವವನು. ನಮ್ಮ ಪಂದ್ಯದಲ್ಲಿ ಹತ್ತರ ಚುಕ್ಕೆ ಬರೇ 0.5 ಮಿ.ಮೀ. ಅಗಲ, 60 ಗುಂಡುಗಳಿಗೆ ಅತಿ ಹೆಚ್ಚೆಂದರೆ 654 ಅಂಕ. ಇಷ್ಟು ನಿಖರತೆ ಬೇಕಾದ ಈ ಪಂದ್ಯದಲ್ಲಿ ನಳಿಗೆ ಬದಲಿಸಿದವರನ್ನು ನಾನು ಕಂಡಿಲ್ಲ. ವಾಲ್ಥರ್, ಫೈನ್‌ವರ್ಕ್‌ಬಾವ್, ಸ್ಟೈರ್‌ನಂಥ ಪಂದ್ಯದ ರೈಫಲ್ ಕೊಂಡವರು ಕಂಪನಿಯ ನಳಿಗೆಯನ್ನೇ ಇಟ್ಟುಕೊಂಡು, ರೈಫಲ್ಲನ್ನು ಕ್ಲಾಂಪಿಗೆ ಬಿಗಿದು, ಪೆಲೆಟ್‌ನ ಬ್ಯಾಚುಗಳನ್ನು ಒಂದೊಂದಾಗಿ ಹೊಡೆದು ನೋಡಿ, ಒಪ್ಪಿದ ಬ್ಯಾಚನ್ನು ಇಡೀ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಸೀಸದ ಪೆಲೆಟ್ಟನ್ನು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ತಣ್ಣನೆಯ ಗಾಳಿಯಿಂದ ಹಾರಿಸುವ ನಳಿಗೆ ಸಿಡಿಮದ್ದಿನ ನಳಿಗೆಯಂತೆ ಸುಟ್ಟು ಸವೆಯುವುದಿಲ್ಲ. ಆದ್ದರಿಂದ «ಹಳೆಯದಾಯಿತು, ಬದಲಿಸಬೇಕು» ಎಂಬ ಮಾತಿಗೆ ಅರ್ಥವಿಲ್ಲ. ಹೊಸದಾಗಿ ಸೇರುವ ಮಕ್ಕಳ ತಂದೆತಾಯಿಗಳು ಉದ್ದ ನಳಿಗೆಯ ರೈಫಲ್ ಬೇಕೆಂದು ಕೇಳುವುದುಂಟು. ಅವರು ನೋಡುತ್ತಿರುವುದು ಗುರಿಕಣ್ಣನ್ನು ಮುಂದಕ್ಕೆ ಒಯ್ಯುವ ಹೊರಗೊಳವೆಯನ್ನು, ಒಳಗಿನ ನಿಜವಾದ ನಳಿಗೆ ಸುಮಾರು 42 ಸೆಂ.ಮೀ. ಮಾತ್ರ.

ನಿಮ್ಮ ಭಾವಮೈದುನರ ವಿಷಯ: ದಯವಿಟ್ಟು ತರಬೇಡಿ. ನಮ್ಮ 2016ರ ಆಯುಧ ನಿಯಮಗಳ ಪ್ರಕಾರ ಬೋರ್ 4.5 ಮಿ.ಮೀ. ಮೀರಿದ ಅಥವಾ ಶಕ್ತಿ 20 ಜೌಲ್ ಮೀರಿದ ಏರ್ ರೈಫಲಿಗೆ ಪರವಾನಗಿ ಬೇಕು. ನಿಮ್ಮ ನಳಿಗೆ 5.5 ಮಿ.ಮೀ. ಆಗಿರುವುದರಿಂದ ಅವರ ರೈಫಲಿಗೆ ಅದನ್ನು ತೊಡಿಸಿದ ದಿನವೇ ಆ ರೈಫಲ್ ಪರವಾನಗಿ ಬೇಕಾದ ಆಯುಧವಾಗುತ್ತದೆ. ನಿಮ್ಮ ರೈಫಲಿನ ಶಕ್ತಿಯೂ 42 ಜೌಲ್ ಹತ್ತಿರ ಬರುತ್ತದೆ. ಸೂಟ್‌ಕೇಸಿನಲ್ಲಿ ನಳಿಗೆ ಇಟ್ಟುಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಅದು ಏನೆಂದು ವಿವರಿಸುವ ಪಾಡು ಯಾರಿಗೂ ಬೇಡ.

ಪ್ರಶ್ನೆ ಕೇಳಿದವರು: ಚನ್ನಗಿರಿ‑ಫೀನಿಕ್ಸ್ (ಮೂರು ವಾರಗಳ ನಂತರ)

ಮೂವರಿಗೂ ಕೃತಜ್ಞತೆಗಳು. ಭಾವಮೈದುನನಿಗೆ ಹತ್ತು ಮೀಟರ್ ಅವರ ಉತ್ತರವನ್ನೇ ಓದಿಸಿದ್ದೇನೆ, ಮುನಿಸಿಕೊಂಡಿದ್ದಾನೆ, ಸರಿಹೋಗುತ್ತಾನೆ.

ಪೀಣ್ಯದವರು ಹೇಳಿದಂತೆ ಗಾಳಿ ಬಿಟ್ಟು ನೋಡಿದೆ. ಬಾಯಿಯ ಕ್ರೌನ್‌ನಲ್ಲಿ ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ಆದರೆ ಕೂರಿಸಿ ಹೊರತೆಗೆದ ಹನ್ನೆರಡು ಪೆಲೆಟ್‌ಗಳಲ್ಲಿ ಮೂರರ ಸ್ಕರ್ಟಿನ ಕೆಳಬದಿಯಲ್ಲಿ, ಉಗುರು ಕತ್ತರಿಸಿದ ಚೂರಿನ ಆಕಾರದ ಸಣ್ಣ ಕೆರೆತವಿತ್ತು, ಒಂದರಲ್ಲಂತೂ ಸೀಸದ ಎಳೆ ಇನ್ನೂ ಅಂಟಿಕೊಂಡೇ ಇತ್ತು. ಹಿಂದಿನಿಂದ ಹತ್ತಿಯ ಕಡ್ಡಿ ಹಾಕಿ ಎಳೆದಾಗ ಪೋರ್ಟ್‌ನ ಮುಂಬದಿಯ ಅಂಚಿನಲ್ಲಿ ಬಿಳಿ ಎಳೆಗಳು ಗಡ್ಡದ ಹಾಗೆ ನಿಂತವು. ಎಲ್ಲ ಪೆಲೆಟ್‌ಗಳೂ ಏಕೆ ಕೆರೆಯಲಿಲ್ಲ ಎಂದು ಯೋಚಿಸಿದಾಗ ಹೊಳೆದದ್ದು, ಬೋಲ್ಟ್‌ನ ಓ‑ರಿಂಗ್ (ರಬ್ಬರ್ ಉಂಗುರ) ಸವೆದು ತುದಿ ಸ್ವಲ್ಪ ಜೋತುಬಿದ್ದಿದೆ. ವೇಗವಾಗಿ ತಳ್ಳಿದಾಗ ಮಾತ್ರ ಪೆಲೆಟ್ ತಲೆಬಾಗಿ ಅಂಚಿಗೆ ತಗಲುತ್ತದೆ. ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವವರು ಆ ಅಂಚನ್ನು ನಯಗೊಳಿಸಿ ಓ‑ರಿಂಗ್ ಬದಲಿಸಿ 40 ಡಾಲರ್ ತೆಗೆದುಕೊಂಡರು.

ಆಮೇಲೆ ಬೆಳಗಿನ ಆರಕ್ಕೆ, ಗಾಳಿ ಏಳುವ ಮುನ್ನ, 50 ಗಜದಲ್ಲಿ ಹತ್ತರಂತೆ ಮೂರು ಗುಂಪು ಹೊಡೆದೆ: ಎರಡು 24 ಮತ್ತು 27 ಮಿ.ಮೀ.; ಮೂರನೆಯದರಲ್ಲಿ ಒಂದು ಗುಂಡು ಹೊರಗೆ ಹೋಯಿತು, ಅದು ನಾನೇ ಟ್ರಿಗರ್ ಎಳೆದದ್ದು ಸರಿಯಿರಲಿಲ್ಲ. ಕಳೆದ ಎರಡು ಶನಿವಾರದ ಕಾರ್ಡುಗಳು 238 ಮತ್ತು 241.

ಆದರೆ ಸ್ಲಗ್ ಮಾತ್ರ ಇದರಲ್ಲಿ ಆಗಲಿಲ್ಲ. ಮೂರು ಬಗೆಯವನ್ನು ತರಿಸಿ ನೋಡಿದೆ, 50 ಗಜಕ್ಕೇ ಅಂಗೈಯಗಲ ಚೆಲ್ಲಾಪಿಲ್ಲಿಯಾದವು. 100 ಗಜದ ಆಸೆಗಾಗಿ ಹೇಳಿ ಮಾಡಿಸಿದ ನಳಿಗೆ ಬೇಕೇ ಬೇಕಾದರೆ ಆರ್ಡರಿನಲ್ಲಿ ಏನು ಬರೆಯಬೇಕು?

ಉತ್ತರ 4: ಪೀಣ್ಯ ಟೂಲ್‌ರೂಮ್

ಈಗ ನಿಮ್ಮ ಪ್ರಶ್ನೆ ಬೇರೆಯದು, ಇದಕ್ಕೆ ಹಣ ಹಾಕುವುದರಲ್ಲಿ ಅರ್ಥವಿದೆ. ಪೆಲೆಟ್ಟಿನ ಸೊಂಟ ಸಣ್ಣ, ಹಿಂಭಾಗ ಟೊಳ್ಳು. ಬ್ಯಾಡ್ಮಿಂಟನ್ ಕಾಕ್‌ನಂತೆ ಗಾಳಿಯ ತಡೆಯೇ ಅದನ್ನು ಅರ್ಧ ನೆಟ್ಟಗಿಡುತ್ತದೆ, ಆದ್ದರಿಂದ ಸುಮಾರು 450 ಮಿ.ಮೀ.ಗೆ ಒಂದು ಸುತ್ತಿನ, ರೈಫ್ಲಿಂಗ್‌ನ ನಿಧಾನದ ತಿರುವು ಅದಕ್ಕೆ ಸಾಕು. ಸ್ಲಗ್ ಹಾಗಲ್ಲ, ಅದು ನೆಟ್ಟಗಿರುವುದು ಬರೀ ತಿರುಗುವಿಕೆಯಿಂದ. ಉದ್ದವಾದಷ್ಟೂ ಬಿಗಿ ತಿರುವು ಬೇಕು. ಅದರ ಮೈ ಉದ್ದಕ್ಕೂ ಬೋರಿಗೆ ತಾಗುವುದರಿಂದ ಪೆಲೆಟ್ಟಿಗೆ ಉಪಕಾರಿಯಾದ ಚೋಕ್ ಇದಕ್ಕೆ ಉಪದ್ರವವಾಗುವುದೂ ಉಂಟು. ಒಂದೇ ನಳಿಗೆಯಲ್ಲಿ ಎರಡೂ ಚೆನ್ನಾಗಿ ಹಾರಬೇಕೆಂದು ಕೇಳಬೇಡಿ. ಈಗಿನದನ್ನು ಮಾರದೆ 25 ಮೀಟರಿಗೆ ಇಟ್ಟುಕೊಳ್ಳಿ. ಸ್ವೀಡನ್ನಿನ ಎಫ್‌ಎಕ್ಸ್‌ನವರು ತೆಳುವಾದ ಲೈನರನ್ನು (ಒಳನಳಿಗೆಯನ್ನು) ಹೊರಗೊಳವೆಯೊಳಗೆ ಬದಲಿಸಿಕೊಳ್ಳುವ ವ್ಯವಸ್ಥೆ ಮಾಡಿರುವುದೂ ಇದೇ ಕಾರಣಕ್ಕೆ, ಆದರೆ ಅದು ಅವರ ರೈಫಲ್‌ಗಳಿಗೆ.

ಆರ್ಡರಿನಲ್ಲಿ ನೀವು ಹಾರಿಸಲಿರುವ ಸ್ಲಗ್‌ನ ತೂಕ, ವ್ಯಾಸ ಮತ್ತು ಉದ್ದವನ್ನು ಬರೆದು, ಸಾಧ್ಯವಾದರೆ ಇಪ್ಪತ್ತು ಸ್ಲಗ್‌ಗಳನ್ನೇ ಪೊಟ್ಟಣ ಕಟ್ಟಿ ಜೊತೆಗೆ ಕಳಿಸಿ. ಬೋರಿನ ಅಳತೆಯನ್ನೂ ತಿರುವನ್ನೂ ಅವರೇ ಅದಕ್ಕೆ ಹೊಂದಿಸಲಿ. ಚೋಕ್ ಬೇಡ ಎಂಬುದನ್ನು ಬಾಯಲ್ಲಿ ಹೇಳಿ ಬಿಡದೆ ಬರೆದೇ ಕೊಡಿ. ರಿಸೀವರಿನೊಳಗೆ (ನಳಿಗೆ ಕೂರುವ ರೈಫಲಿನ ಮೈಭಾಗದೊಳಗೆ) ಕೂರುವ ಭಾಗದ ವ್ಯಾಸವನ್ನು ಹಳೆಯ ನಳಿಗೆಯ ಮೇಲೆ ಅಳೆಯಬೇಡಿ, ರಿಸೀವರಿನ ತೂತನ್ನೇ ಅಳೆಸಿ, ಏಕೆಂದರೆ ಅಲ್ಲಿ ಸಡಿಲಾದರೆ ಮಿಕ್ಕ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಟ್ರಾನ್ಸ್‌ಫರ್ ಪೋರ್ಟ್ ಕೊರೆದ ಮೇಲೆ ಒಳಗಿನ ಅಂಚನ್ನು ನಯಗೊಳಿಸಿ ಆ ಜಾಗದ ಫೋಟೋ ಕಳಿಸಬೇಕು ಎಂದೂ ಸೇರಿಸಿ. ಅದು ನಿಮಗೀಗ ನಾನು ಹೇಳಿಕೊಡಬೇಕಾದ ಮಾತಲ್ಲ.